ನೆರೆ ಮನೆಯ ಮೆಟ್ಟಿಲು

ಪ್ರವಾಹದ ಹೊಸ ನಕ್ಷೆ ಬಂದ ಮೇಲೆ ಹೊನ್ನಾವರದಲ್ಲಿ ಹೊಳೆಬದಿಯ ಮನೆ ಕಟ್ಟುವ ನಿಯಮಗಳನ್ನೂ ಅದಕ್ಕೆ ಹೊಂದಿಸಬೇಕಾಯಿತು. ನೀರು ಬರುವ ಜಾಗಕ್ಕೆ ಹಚ್ಚಿದ ನೀಲಿ ಬಣ್ಣ ಹಳೆಯ ನಕ್ಷೆಗಿಂತ ಎಷ್ಟೋ ಓಣಿ ಒಳಗೆ ಬಂದಿತ್ತು. ನಿಯಮಗಳ ಕರಡು ಟೈಪು ಮಾಡುವುದು, ಜನ ಕೊಟ್ಟ ಆಕ್ಷೇಪಣೆ ಓದಿ ಅದಕ್ಕೆ ಸೇರಿಸುವುದು ಪಟ್ಟಣ ಪಂಚಾಯಿತಿ ಕಚೇರಿಯಲ್ಲಿ ನನ್ನ ಕೆಲಸ. ನನ್ನ ಕನ್ನಡದಲ್ಲಿ ತಪ್ಪು ಹುಡುಕುವವರು ಇನ್ನೂ ಹುಟ್ಟಿಲ್ಲ ಎಂಬ ಜಂಬ ಆಗ ನನಗಿತ್ತು. ಈಗ ಸ್ವಲ್ಪ ಕಡಿಮೆಯಾಗಿದೆ.

ಅರ್ಜಿಗಳದ್ದೆಲ್ಲ ಒಂದೇ ರಾಗ: ನಮ್ಮ ಮನೆಯನ್ನು ನೀಲಿಯಿಂದ ಹೊರಗೆ ಹಾಕಿ. ಒಂದು ಮಾತ್ರ ಬೇರೆ ಇತ್ತು. ನೋಟ್‌ಬುಕ್ಕಿನ ಹಾಳೆಯಲ್ಲಿ ದಪ್ಪ ಅಕ್ಷರದ ಒಂದೇ ವಾಕ್ಯ: "ನೆರೆ ಮನೆಯ ಮೆಟ್ಟಿಲು ಹೊರಗೆ ಇರಬೇಕು." ನೆರೆ ಬರುವ ಮನೆಗಳಲ್ಲಿ ಮಾಳಿಗೆಯ ಮೆಟ್ಟಿಲು ಹೊರಗಡೆ ಇರಬೇಕು ಎಂದು ಓದಿಕೊಂಡು ಕರಡಿಗೆ ಸೇರಿಸಿದೆ. ಸಾಹೇಬರು ನೋಡಿ, "ಒಳ್ಳೇ ಯೋಚನೆ, ಯಾರದ್ದು?" ಎಂದರು. ನನಗೂ ಅದೇ ಕುತೂಹಲ. ಇಂಜಿನಿಯರುಗಳಿಗೆ ತೋಚದ್ದು ಇವರಿಗೆ ಹೇಗೆ ತೋಚಿತು? ರಜೆಯ ದಿನ ಸ್ಕೂಟಿ ಹತ್ತಿ ಹಾಳೆಯ ಅಡಿಯಲ್ಲಿದ್ದ ವಿಳಾಸ ಹುಡುಕಿಕೊಂಡು ಹೋದೆ.

ಬರೆದಾಕೆ ಒಣಮೀನು ಮಾರುವವಳು. ಹೊಳೆಯಾಚೆಯ ಕಾಸರಕೋಡಿನಿಂದ ಆಗಷ್ಟೇ ಬಂದು ಬುಟ್ಟಿ ತೊಳೆಯುತ್ತಿದ್ದಳು. ಪೆನ್ನು ಹಿಡಿದ ಹೆಂಗಸರೆಲ್ಲ ಆಕೆಗೆ ಅಕ್ಕೋರೇ. ನಾನು ಹೊಗಳತೊಡಗಿದಾಗ ನಕ್ಕು ಪಕ್ಕದ ಮನೆ ತೋರಿಸಿದಳು. ಅಲ್ಲಿ ಮಾಳಿಗೆ ಕಟ್ಟಲು ಜಲ್ಲಿ ಬಂದು ಬಿದ್ದಿತ್ತು.

"ಊರಿಗೆಲ್ಲ ಅಲ್ಲ ಅಕ್ಕೋರೆ. ಆ ಮನೆಗೆ. ನಮ್ಮ ನೆರೆಮನೆ."

ಪೆಚ್ಚಾದೆ. ಪ್ರವಾಹವೂ ನೆರೆ, ಪಕ್ಕದ್ದೂ ನೆರೆ. ಎರಡು ಪದಗಳ ನಡುವೆ ಆಕೆ ಬಿಟ್ಟ ಒಂದು ಬೆರಳು ಜಾಗ ನನ್ನನ್ನು ದಾರಿ ತಪ್ಪಿಸಿತ್ತು.

"ಮೆಟ್ಟಿಲು ಒಳಗಿದ್ರೆ ಎಂತ ತೊಂದರೆ?" ಎಂದು ಕೇಳಿದೆ.

ಆಕೆ ಒಳಗೆ ಕರೆದಳು. ಮಂಚದ ಮೇಲೆ ಅತ್ತೆ ಮಲಗಿದ್ದರು. ಅವರಿಗೆ ಎದ್ದು ನಿಲ್ಲಲು ಆಗುವುದಿಲ್ಲ. ಹೋದ ಮಳೆಗಾಲದಲ್ಲಿ ಗೇರುಸೊಪ್ಪದ ಅಣೆಕಟ್ಟಿನ ಕಡೆಯಿಂದ ನೀರು ಏರಿ ಬಂದ ದಿನ ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಸ್ವಲ್ಪ ಎತ್ತರದಲ್ಲಿರುವ ಪಕ್ಕದ ಮನೆಗೆ ಓಡಿದರೆ, ಬಾಗಿಲಿಗೆ ಬೀಗ. ಅವರು ಮದುವೆಗೆಂದು ಕುಮಟೆಗೆ ಹೋಗಿದ್ದರು. ಆಕೆ ಅವರ ಜಗಲಿಯ ಮೇಲೆ ಅತ್ತೆಯನ್ನು ಹೊತ್ತುಕೊಂಡೇ ನಿಂತಳು. ದೋಣಿ ಬರುವಷ್ಟರಲ್ಲಿ ನೀರು ಸೊಂಟಕ್ಕೆ ಬಂದಿತ್ತು.

"ಒಳ್ಳೇ ಜನ ಅವ್ರು. ಆದ್ರೆ ನಿಮ್ಮ ಮೆಟ್ಟಿಲು ಹೊರಗೆ ಕಟ್ಟಿ ಅಂತ ಹೆಂಗೆ ಕೇಳೂದು? ನಾಚಿಕೆ ಆತು. ಅದ್ಕೇ ನಿಮಗೆ ಬರೆದೆ."

ನನ್ನ ಜಂಬದ ಮೇಲೆ ನನಗೇ ಸಿಟ್ಟು ಬಂತು. ನಾನು ತಪ್ಪು ಓದಿದೆ, ನೀಲಿಯೊಳಗೆ ಮಾಳಿಗೆ ಕಟ್ಟುವವರಿಗೆಲ್ಲ ಅದೇ ನಿಯಮ ಎಂದು ಬರೆದುಬಿಟ್ಟಿದ್ದೇನೆ, ಬೇಡವೆಂದರೆ ತಿದ್ದುತ್ತೇನೆ ಎಂದೆ.

ಆಕೆ ಎದ್ದು ಹಿತ್ತಿಲ ಬಾಗಿಲಿಗೆ ಬಂದು ನಿಂತಳು.

"ಹಂಗಾರೆ ನಾ ಮಾಳಿಗೆ ಕಟ್ಟಿದ್ರೆ ನಂದೂ ಹೊರಗೇ? ಯಾರು ಬೇಕಾದ್ರೂ ಹತ್ಲಕ್ಕಾ?"

"ಹೌದು, ಯಾರು ಬೇಕಾದರೂ ಹತ್ತಬಹುದು."

ಹಿತ್ತಿಲಿನಾಚೆ, ಹೊಳೆಗೆ ಇನ್ನೂ ಹತ್ತಿರ, ತಗಡಿನ ಮಾಡಿನ ಮನೆಯೊಂದಿತ್ತು. ಅಂಗಳದಲ್ಲಿ ಮುದುಕರೊಬ್ಬರು ಬಲೆ ಹೆಣೆಯುತ್ತಿದ್ದರು. ಆಕೆ ಅತ್ತ ನೋಡಿದಳು.

"ಆತು, ತಿದ್ದಬೇಡಿ ಅಕ್ಕೋರೆ. ಅವ್ರಿಗೆ ನಾನೇ ಅಲ್ದಾ ನೆರೆಮನೆ?"