ಬಾಗಿಲಲ್ಲಿ ಅಳೆದ ಓಣಿ

ಲಿಮಾ ಪಟ್ಟಣದಂಚಿನ ಈ ಮರಳುಗುಡ್ಡದಲ್ಲಿ ನಾವು ಜಾಗ ಹಿಡಿದ ಮೊದಲ ದಿನವೇ ಸಟುರ್ನಿನಾ ಒಂದು ಹಳೇ ಬಾಗಿಲಿನ ಮೇಲೆ ಅಂಗಾತ ಮಲಗಿಬಿಟ್ಟಳು.

"ನಾಲ್ಕು ಜನ ನನ್ನ ಹೊತ್ಕೊಂಡು ನಡೀರಿ. ಬಾಗ್ಲು ಎಲ್ಲೂ ತಾಗದೆ ತಿರುಗೋಕೆ ಎಷ್ಟು ಜಾಗ ಬೇಕೋ ಅಷ್ಟು ಅಗಲ ಓಣಿ ಬಿಡಿ," ಅಂದಳು.

"ಬದುಕಿರುವಾಗ್ಲೇ ಮೆರವಣಿಗೆ ಏನಕ್ಕಾ?" ಎಂದು ಫೋರ್ಟುನಾಟೊ ಕಿಚಾಯಿಸಿದ.

"ನಗು ತಮ್ಮಾ, ನಗು. ಕಾಯಿಲೆ ಬಿದ್ದೋರು ನಡ್ಕೊಂಡು ಇಳಿಯಲ್ಲ."

ಹಿಂದೆ ಇದ್ದ ಗುಡ್ಡದಲ್ಲಿ, ಹೆರಿಗೆನೋವು ತಿನ್ನುತ್ತಿದ್ದ ತಂಗಿಯನ್ನು ಕೆಳಗಿಳಿಸಲು ದಾರಿಯಿಲ್ಲದೆ ಕಳೆದುಕೊಂಡವಳು ಅವಳು. ಅವಳನ್ನು ಹೊತ್ತು ನಡೆದವರ ಎರಡೂ ಬದಿಗೆ ಸುಣ್ಣದ ಗೆರೆ ಎಳೆದೆವು.

ಆಗ ಎಲ್ಲರದೂ ಜೊಂಡಿನ ಚಾಪೆಯ ಗೋಡೆ. ಕೈಯಲ್ಲಿ ಕಾಸಾಡಿದಂತೆಲ್ಲ ಇಟ್ಟಿಗೆ ಬಂತು. ಚಾಪೆಯೊಳಗೆ ಸಂಸಾರ ಮಾಡಿಕೊಂಡೇ ಅದರ ಹೊರಗೆ ಇಟ್ಟಿಗೆ ಕಟ್ಟುವುದು ನಮ್ಮ ರೂಢಿ. ಹಾಗಾಗಿ ಪ್ರತಿ ಮನೆಯೂ ಗೇಣುದ್ದ ಉಬ್ಬಿತು, ಓಣಿ ಸೊರಗಿತು. ಸಟುರ್ನಿನಾ ಮಾತ್ರ ಚಾಪೆ ಕಿತ್ತು, ಪಕ್ಕದವರ ಅಡುಗೆಮನೆಯಲ್ಲಿ ಮಲಗೆದ್ದು, ಗೆರೆಯೊಳಗೇ ಗೋಡೆ ಎಬ್ಬಿಸಿದಳು. ಮನೆಮನೆಗೂ ಹೋಗಿ ಜಗಳ ಆಡಿದಳು. ಊರಿಗೇ ಒಂದು ದಾರಿಯಾದರೆ ಇವಳಿಗೇ ಒಂದು ದಾರಿ ಎಂದು ಜನ ಆಡಿಕೊಂಡರು.

ಒಂದು ಬೆಳಗ್ಗೆ, ಮಂಜು ಜಿನುಗುತ್ತಿದ್ದಾಗ, ಫೋರ್ಟುನಾಟೊನ ಹೆಂಡತಿ ಎರ್ಮೆಲಿಂಡಾ ಹೊಟ್ಟೆ ಹಿಡಿದುಕೊಂಡು ಕುಸಿದಳು. ಮೈಯೆಲ್ಲ ತಣ್ಣಗಾಗಿತ್ತು. ಅವಳನ್ನು ಅದೇ ಹಳೇ ಬಾಗಿಲ ಮೇಲೆ ಮಲಗಿಸಿ ಹೊರಟೆವು. ತಿರುವಿನಲ್ಲಿ ಬಾಗಿಲು ಸಿಕ್ಕಿಕೊಂಡಿತು, ಅದೂ ಫೋರ್ಟುನಾಟೊನದೇ ಗೋಡೆಗೆ. ಓರೆ ಮಾಡಿದೆವು, ಎತ್ತಿದೆವು, ಆಗಲಿಲ್ಲ. ಅವನು ಬರಿಗೈಯಲ್ಲಿ ಇಟ್ಟಿಗೆ ಗುದ್ದುತ್ತಿದ್ದ.

ಎದುರುಮನೆಯ ಸಟುರ್ನಿನಾ ಸುತ್ತಿಗೆ ತಂದವಳೇ ತನ್ನ ಅಡುಗೆಮನೆಯ ಗೋಡೆಗೆ ಬಡಿದಳು. "ನೋಡ್ತಾ ನಿಂತ್ರೇನು? ಒಡೀರಿ!"

ಒಡೆದ ಗೋಡೆಯಿಂದ ನುಗ್ಗಿ, ಅವಳ ಒಲೆಯ ಪಕ್ಕದಲ್ಲೇ ಹಾದು ಕೆಳಗಿಳಿದೆವು. ಅಷ್ಟರಲ್ಲಿ ಹೊತ್ತು ಮೀರಿತ್ತು. ಬಸ್ಸಿನ ರಸ್ತೆ ಮುಟ್ಟುವ ಮೊದಲೇ ಎರ್ಮೆಲಿಂಡಾ ಪ್ರಾಣ ಬಿಟ್ಟಿದ್ದಳು.

ಮಣ್ಣು ಮಾಡಿ ಬಂದ ಮೇಲೆ ಫೋರ್ಟುನಾಟೊ ತನ್ನ ಗೋಡೆಯನ್ನು ಗೆರೆಯ ತನಕ ಕೆಡವಿದ. ಆ ಇಟ್ಟಿಗೆಗಳನ್ನು ಹೊತ್ತು ತಂದು ಸಟುರ್ನಿನಾಳ ಮುಂದೆ ಇಳಿಸಿದ.

"ನಿನ್ನ ಗೋಡೆ ಕಟ್ಕೊಡ್ತೀನಕ್ಕಾ."

"ನನ್ನ ಗೋಡೆ ಆಮೇಲೆ ಕಟ್ಟುವಂತೆ. ಮೊದ್ಲು ಬಾಗ್ಲು ತಾ. ಮಲಗು."

ಅವನು ಮಲಗಿದ. ನಾವು ನಾಲ್ಕು ಜನ ಹೊತ್ತೆವು. ತಿರುವಿನಲ್ಲಿ ಬಾಗಿಲು ಎಲ್ಲೂ ತಾಗದೆ ತಿರುಗಿತು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಗುಡ್ಡದ ಬುಡ ಬರುವವರೆಗೂ ಹೆಂಡತಿಯ ಹೆಸರು ಹಿಡಿದು ಅತ್ತ.