ಧಬಧಬೆಯ ಮುಂದೆ ಹೆಣ್ಣು ತೋರಿಸಿದ್ದು

ಧಬಧಬೆ ನೋಡಲು ಬಂದವರೆಲ್ಲ ಮೊದಲು ಮಾಡುವ ಕೆಲಸ ಒಂದೇ, ಬಾಯಿ ತೆರೆಯುವುದು. ಅದು ಬೆರಗಿನ ಬಾಯಿ. ಸ್ವಲ್ಪ ಹೊತ್ತಿಗೆ ಅದೇ ಬಾಯಿ ಮಾತಿಗೆ ತೆರೆಯುತ್ತದೆ, ಮಾತು ಪಕ್ಕದವರ ಕಿವಿ ಮುಟ್ಟುವುದಿಲ್ಲ, ಒದರುತ್ತಾರೆ, ಅದೂ ಮುಟ್ಟುವುದಿಲ್ಲ, ಕಡೆಗೆ ಕೈ ಬೀಸಿ ನಕ್ಕು ಸುಮ್ಮನಾಗುತ್ತಾರೆ. ಮಳೆಗಾಲದಲ್ಲಿ ಗೋಕಾಕ ಫಾಲ್ಸಿಗೆ, ಅಂದರೆ ನಮ್ಮ ಬಾಯಿಯ ಧಬಧಬೆಗೆ, ಬಂದಿದ್ದರೆ ನೀವೂ ಹೀಗೇ ಮಾಡಿರುತ್ತೀರಿ, ನಾಚಿಕೊಳ್ಳಬೇಡಿ. ಘಟಪ್ರಭೆ ತುಂಬಿ ಬಂದು ಬಂಡೆಯ ಅಂಚಿನಿಂದ ಕೆಂಪಗೆ ಧುಮುಕುವಾಗ ಎದೆಯ ಎಲುಬು ನಡುಗುತ್ತದೆ. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ನನಗೆ ಇನ್ನೂ ನಡುಗುತ್ತದೆ. ಚಂದ ಎನ್ನುವವರಿದ್ದಾರೆ. ನನಗೆ ಅದು ಚಂದ ಅನ್ನಿಸಿಲ್ಲ, ದೊಡ್ಡದು ಅನ್ನಿಸಿದೆ.

ಈಗ ಮೋಟಾರುಗಳು ಬರುತ್ತವೆ. ಮೂವತ್ತು ವರ್ಷದ ಹಿಂದೆ ಹವಾ ಬದಲಿಗೆ ಬರುವವರು ಸ್ಟೇಶನ್ನಿನಲ್ಲಿ ಇಳಿದು ಟಾಂಗಾ ಹಿಡಿಯುತ್ತಿದ್ದರು. ಟೋಪಿಯ ಸಾಹೇಬರು, ಅವರ ಕೊಡೆ ಹಿಡಿದ ಮಡ್ಡಮ್ಮಂದಿರು, ಜರಿ ರುಮಾಲಿನ ಸಾಹುಕಾರರು, ಎಲ್ಲರೂ ಹೊಳೆಗೆ ಅಡ್ಡ ಕಟ್ಟಿದ ತೂಗುಸೇತುವೆಯ ಮೇಲೆ ಒಂದೇ ರೀತಿ ತಟ್ಟಾಡುತ್ತಿದ್ದರು. ಅವರು ನೀರು ನೋಡುತ್ತಿದ್ದರು, ನೂಲಿನ ಗಿರಣಿ ಮುಚ್ಚಿರುವ ಸುಟ್ಟಿಯ ದಿನ ಅಲ್ಲಿಯ ಕೆಲಸದ ಮಂದಿ ನಾವು ಅವರನ್ನು ನೋಡುತ್ತಿದ್ದೆವು. ನಮ್ಮ ಮೋಜೇ ಹೆಚ್ಚಿನದು. ಯಾಕೆಂದರೆ ಅವರ ಮಾತು ಅವರಿಗೇ ಕೇಳುತ್ತಿರಲಿಲ್ಲ, ನಮಗೆ ತಿಳಿಯುತ್ತಿತ್ತು.

ಇದರಲ್ಲಿ ಮಾಟವಿಲ್ಲ. ನಾನು ಗಿರಣಿಯಲ್ಲಿ ನೂಲು ಸುತ್ತುತ್ತಿದ್ದೆ. ಯಂತ್ರಗಳ ಸಪ್ಪಳದಲ್ಲಿ ಕಿವಿ ಕೆಲಸಕ್ಕೆ ಬಾರದು, ಎದುರಿನವಳ ತುಟಿ ನೋಡಿಯೇ ಮಾತು ತಿಳಿಯಬೇಕು. ಆ ವಿದ್ಯೆಯನ್ನು ನಾನು ಒಳ್ಳೆಯದಕ್ಕೆ ಬಳಸಿದೆ ಎಂದು ಹೇಳಿಕೊಳ್ಳುವುದಿಲ್ಲ. ಒಮ್ಮೆ ಒಬ್ಬ ಸಾಹುಕಾರ ಧಬಧಬೆಗೆ ಕೈಮುಗಿದು ಭಕ್ತಿಯಿಂದ ತುಟಿ ಅಲ್ಲಾಡಿಸುತ್ತ ನಿಂತಿದ್ದ. ಮಂತ್ರವೇನಿರಬಹುದೆಂದು ನೋಡಿದರೆ, ಪಕ್ಕದಲ್ಲಿದ್ದ ಹೆಂಡತಿಗೆ, "ನಿಮ್ಮವ್ವನ್ನ ಕರಕೊಂಡು ಬರಬ್ಯಾಡಂತ ಬಡಕೊಂಡ್ನಿ" ಎನ್ನುತ್ತಿದ್ದ.

ನನ್ನ ತಂಗಿ ನೀಲವ್ವ ಈ ವಿದ್ಯೆಯನ್ನು ಗಿರಣಿಯ ಮೆಟ್ಟಿಲು ಹತ್ತದೆಯೇ ಕಲಿತಳು. ಹತ್ತನೆಯ ವರ್ಷ ಜ್ವರ ಬಂದು ಅವಳ ಎರಡೂ ಕಿವಿ ಹೋಗಿದ್ದವು. ಮಾತು ಉಳಿದಿತ್ತು. ಲಗ್ನದ ವಯಸ್ಸಿಗೆ ಬಂದಾಗ ಎರಡು ಕಡೆಯವರು ಬಂದು, ಸಂಗತಿ ತಿಳಿದು ಎದ್ದು ಹೋದರು. ಮೂರನೆಯವರು ಮಮದಾಪುರದವರು. ಅವ್ವ ಆಗ ಒಂದು ಯುಕ್ತಿ ಹೂಡಿದಳು.

"ಧಬಧಬಿ ಮುಂದ ಯಾರ ಕಿವಿ ಕೇಳ್ತಾವ? ಅಲ್ಲೇ ತೋರಸೂಣು."

"ಮದವಿ ಆದಮ್ಯಾಲ?" ಎಂದೆ.

"ಮದವಿ ಆದಮ್ಯಾಲ ಗಂಡನ ಮಾತು ಕೇಳದವರು ಊರ ತುಂಬ ಅದಾರ. ಇಕಿ ಒಬ್ಬಾಕಿ ಹೆಚ್ಚೇನು?"

ನಮ್ಮಲ್ಲಿ ಧಬಧಬೆಯ ಹತ್ತಿರ ಹೆಣ್ಣು ನೋಡುವುದು ಹೊಸದೇನಲ್ಲ. ಮನಸ್ಸಿಗೆ ಬಾರದಿದ್ದರೆ 'ನೀರು ನೋಡಲು ಬಂದಿದ್ದೆವು' ಎಂದು ಹೋಗಬಹುದು, ಯಾರಿಗೂ ಅವಮಾನವಿಲ್ಲ. ಆದರೆ ನಾವು ಮಾಡಹೊರಟದ್ದು ಮೋಸ. ಗೊತ್ತಿದ್ದೂ ಒಪ್ಪಿದೆ. ಆಮೇಲೆ ಅವರು ಚಹಾಕ್ಕೆ ಮನೆಗೆ ಬಂದಾಗ ಯಾರಾದರೂ ಹಿಂದಿನಿಂದ ಕರೆದರೆ ನೀಲವ್ವನ ಸೆರಗು ಜಗ್ಗುವುದು ನನ್ನ ಪಾಲಿನ ಕೆಲಸ. ನೀಲವ್ವ ಒಂದೇ ಮಾತು ಕೇಳಿದಳು.

"ಸಾಯೂತನಕ ಸೆರಗ ಜಗ್ಗಾಕ ನೀನೂ ನನ್ನ ಕೂಡ ಬರ್ತಿ ಏನಕ್ಕ?"



ಚಕ್ಕಡಿ ಕಟ್ಟಿಕೊಂಡು ಮೂವರು ಬಂದರು: ವರ, ಅವನ ತಾಯಿ, ಅವನ ಕಾಕಾ. ತಂದೆ ತೀರಿದ್ದರಿಂದ ಆ ಮನೆಯಲ್ಲಿ ಕಾಕಾನದೇ ನಡೆಯುತ್ತಿತ್ತು. ಅಂದು ಹೊಳೆ ದಂಡೆ ಮೀರಿತ್ತು. ಕಾಕಾ ದೂರದ ಬಂಡೆಯ ಮೇಲೆ ನಿಂತು ಏನೋ ಒದರಿದ. ಯಾರಿಗೂ ಕೇಳಲಿಲ್ಲ. ನೀಲವ್ವ ಅವನ ತುಟಿ ನೋಡಿದಳು, ವರನ ತಾಯಿಯ ಕಿವಿಗೆ ಬಾಯಿ ಹಚ್ಚಿ, "ನಿಮ್ಮ ಮೈದುನರು ಜೋಪಾನ, ಕಲ್ಲು ಜಾರತಾವ ಅನ್ನಾಕತ್ತಾರ್ರಿ" ಎಂದಳು. ಆಮೇಲೆ ಕಾಕಾ ಅಂದದ್ದನ್ನೆಲ್ಲ ಆಯಮ್ಮನಿಗೆ ಮುಟ್ಟಿಸಿದವಳು ಅವಳೇ. ಆಯಮ್ಮ ಬಾಯಿ ತೆರೆದು, ನೀರನ್ನಲ್ಲ, ನನ್ನ ತಂಗಿಯನ್ನು ನೋಡಿದಳು. ಅವಳ ತುಟಿಯ ಮೇಲೆ ನಾನು ಓದಿದ್ದು ಇದು: "ಏನ್ ಕಿವಿ ಅದಾವೋ ಶಿವನ, ಈ ಹುಡುಗಿಗಿ!"

ಅವ್ವ ಧಬಧಬೆಗೆ ಕೈಮುಗಿದಳು.

ಅಲ್ಲಿಂದ ಎಲ್ಲರೂ ಚಹಾಕ್ಕೆ ನಮ್ಮ ಮನೆಗೆ ಬಂದೆವು. ನಮ್ಮ ಚಾಳು, ಗಿರಣಿಯವರ ಮನೆಗಳ ಸಾಲು, ಮೇಲೆ ತುಸು ದೂರದಲ್ಲಿತ್ತು. ಅಲ್ಲಿಗೆ ನೀರಿನ ಸಪ್ಪಳ ಪಕ್ಕದ ಮನೆಯಲ್ಲಿ ಜೋಳ ಬೀಸಿದಷ್ಟು ಮಾತ್ರ ಬರುತ್ತಿತ್ತು. ನೀಲವ್ವ ಒಲೆಯ ಮುಂದೆ ಬೆನ್ನು ಮಾಡಿ ಕುಳಿತು ಚಹಾ ಕುದಿಸುತ್ತಿದ್ದಳು. ವರನ ತಾಯಿ ಹಿಂದಿನಿಂದ, "ನೀಲವ್ವಾ, ನನಗ ಬೆಲ್ಲ ಕಡಿಮಿ ಹಾಕವಾ" ಎಂದಳು.

ನಾನು ಸೆರಗು ಜಗ್ಗಿದೆ. ಅವಳು ತಿರುಗಲಿಲ್ಲ. ಮತ್ತೆ ಜಗ್ಗಿದೆ. ಅವಳು ಸೆರಗನ್ನು ನನ್ನ ಕೈಯಿಂದ ಕಿತ್ತುಕೊಂಡು ಸೊಂಟಕ್ಕೆ ಸಿಗಿಸಿ, ಆಮೇಲೆ ತಿರುಗಿದಳು.

"ಕರದ್ರೇನ್ರಿ? ನನಗ ಕಿವಿ ಕೇಳೂದಿಲ್ರಿ. ತುಟಿ ಕಂಡ್ರ ಎಲ್ಲಾ ತಿಳೀತೈತಿ. ಮುಂದ ಬಂದು ಮಾತಾಡ್ರಿ."

ಅವ್ವ ಗೋಡೆಗೆ ಒರಗಿದಳು. ಕಾಕಾ ಎದ್ದು ನಿಂತ. "ನಮ್ಮನ್ನ ಹುಚ್ಚರನ್ನ ಮಾಡಾಕ ಕರಿಸಿದ್ರೇನು? ನೀರ ನೋಡಾಕ ಬಂದಿದ್ವಿ, ನೋಡಿದ್ವಿ. ನಡೀರಿ!"

ವರ ಎದ್ದ. ಅವನ ತಾಯಿ ಬಾಗಿಲಿಗೆ ಹೋಗಲಿಲ್ಲ, ಒಲೆಯ ಹತ್ತಿರ ಹೋದಳು. ನಮಗೆಲ್ಲ ಬೆನ್ನು ತಿರುಗಿಸಿ ನೀಲವ್ವನ ಎದುರಿಗೆ ಕುಳಿತಳು. ಸದ್ದೇನೂ ಬರಲಿಲ್ಲ. ಮೈದುನನ ಕಿವಿಗೆ ಬೀಳಬಾರದೆಂದು ಬರಿಯ ತುಟಿಯಲ್ಲಿ ಮಾತಾಡುತ್ತಿದ್ದಾಳೆಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆಯ ಆಚೆ ದಂಡೆಯವರ ಜಗಳ ಓದಿದವಳು ನಾನು. ಅಂದು ಆರು ಮೊಳದ ಕೋಣೆಯಲ್ಲಿ ನನಗೆ ಕಂಡದ್ದು ಅವಳ ತುರುಬು ಮಾತ್ರ.

ನೀಲವ್ವ ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ಗಟ್ಟಿಯಾಗಿ, "ನಿಮ್ಮ ಮನಿಗಿ ನಾ ಬರ್ತೇನ್ರಿ. ಆದ್ರ ನಿಮ್ಮ ಮಗನೂ ಹೂಂ ಅನ್ನಬೇಕು. ಅಂದ್ರೂ ನನಗ ತಿಳಿಯಾಂಗಿಲ್ಲ, ಮೀಸಿ ತುಟಿ ಮ್ಯಾಲ ಬಿದ್ದಾವು" ಎಂದಳು.

ವರನ ಕೈ ತಾನಾಗಿ ಮೀಸೆಗೆ ಹೋಯಿತು. ಕಾಕಾ ಬಿರುಸಿನಿಂದ ಹೊರಟ, ಅವನ ಹಿಂದೆ ಉಳಿದಿಬ್ಬರೂ ಹೋದರು. ಚಹಾ ಕುಡಿಯುವವರಿಲ್ಲದೆ ಆರಿತು. ಅವ್ವ ಎರಡು ದಿನ ನೀಲವ್ವನಿಗೆ ಮುಖ ಕೊಡಲಿಲ್ಲ. ಮುಖ ಕೊಡದಿದ್ದರೆ ಅವಳಿಗೆ ಬೈಗುಳವೂ ತಿಳಿಯುವುದಿಲ್ಲ ಎಂಬುದು ಮೂರನೆಯ ದಿನ ಅವ್ವನಿಗೆ ಹೊಳೆಯಿತು.

ಎಂಟನೆಯ ದಿನ ಸುಟ್ಟಿ. ನಾನೂ ನೀಲವ್ವನೂ ಧಬಧಬೆಯ ಕಡೆ ಹೋಗಿದ್ದೆವು. ಮಮದಾಪುರದ ದಾರಿಯಿಂದ ವರ ಒಬ್ಬನೇ ನಡೆದು ಬಂದ. ಹೊಳೆ ದಂಡೆ ಮೀರಿದ್ದು ನನಗೆ ಗೊತ್ತು, ಬಂಡೆ ಉರುಳಿದ್ದು ನೋಡಿದ್ದೇನೆ, ಆದರೆ ಒಕ್ಕಲುತನದ ಗಂಡಸೊಬ್ಬ ಹೆಣ್ಣಿನ ಮಾತಿಗೆ ಮೀಸೆ ಕತ್ತರಿಸಿದ್ದನ್ನು ಅಂದೇ ಮೊದಲು ಕಂಡದ್ದು. ಬಿಸಿಲು ಕಾಣದ ಮೇಲ್ತುಟಿ ಬೆಳ್ಳಗೆ ಹೊಳೆಯುತ್ತಿತ್ತು. ಅವನು ನೀಲವ್ವನ ಎದುರಿಗೆ, ಬೆಳಕಿನ ಕಡೆ ಮುಖ ಮಾಡಿ ನಿಂತ. ತುಟಿ ತೆರೆದ.

ನಾನು ತಿರುಗಿ ನೀರು ನೋಡಿದೆ.