ಲೋಟ ಬಡಿದವಳು

ಉತ್ತರ ನನಗೆ ಗೊತ್ತಿತ್ತು, ಮಾವ. ನಿಮಗೂ ಗೊತ್ತಿತ್ತು. ಅದು ನಿಮ್ಮ ಬಾಯಿಗೆ ಬಂದೂ ಇತ್ತು. ಅದನ್ನು ಅಲ್ಲೇ ತಡೆದವಳು ನಾನು — ಒಂದು ಸ್ಟೀಲ್ ಲೋಟದಿಂದ.

ಓದುವವರಿಗೆ ನಮ್ಮೂರು ಗೊತ್ತಿರಲಾರದು. ಮಳವಳ್ಳಿ ಕಡೆಯಿಂದ ಬಂದು ಹೊಳೆಯ ದಡದಲ್ಲಿ ನಿಂತರೆ ಎದುರಿಗೆ ಕಾಣುವ ನಡುಗಡ್ಡೆಯೇ ನಮ್ಮೂರು. ನೀರು ಇಳಿದಾಗ ಕಲ್ಲು ಹಾಸಿದ ದಾರಿಯಲ್ಲಿ ಬೈಕು ಬರುತ್ತದೆ, ಏರಿದಾಗ ತೆಪ್ಪವೇ ಗತಿ. ಕಾವೇರಿ ಮೊದಲು ಬಂದು ಹೊಡೆಯುವ ಮೇಲ್ತುದಿಗೆ ನಾವು ತಲೆಗಡ್ಡೆ ಎನ್ನುತ್ತೇವೆ. ಅಲ್ಲಿ ಹೊಳೆಮತ್ತಿ ಮರಗಳ ಸಾಲಿತ್ತು. ಸಾಲಿನ ಹಿಂದೆಯೇ ನಿಮ್ಮ ಗದ್ದೆ. ಗದ್ದೆಯ ಮೂಲೆಯಲ್ಲಿ ಅತ್ತೆಯನ್ನು ಮಣ್ಣು ಮಾಡಿದ ಗುಡ್ಡೆ.

ಊರಿಗೆಲ್ಲ ನಿಂಗಣ್ಣನಾದ ನೀವು ನನಗೆ ಅಮ್ಮನ ಅಣ್ಣ. ಊರಿನ ಸಂಘ ಕಟ್ಟಿದವರೂ ನೀವೇ. ಪ್ರವಾಸಿಗರ ದೋಣಿ ನಿಲ್ಲುವ ಕಟ್ಟೆ, ಅದರ ಮೇಲೊಂದು ಊಟದ ಹಾಲ್, ಎಲ್ಲ ತಲೆಗಡ್ಡೆಯಲ್ಲೇ ಆಗಬೇಕು, ಮರ ತೆಗೆಯಬೇಕು ಎಂಬ ಯೋಜನೆ ಬಂದಾಗ ನೀವು ಬೇಡವೇ ಬೇಡ ಎನ್ನಲಿಲ್ಲ. ಕಟ್ಟೆ ಆಗಲಿ, ಕೆಳತುದಿಯಲ್ಲಿ ಆಗಲಿ, ಮರ ಮುಟ್ಟಬೇಡಿ — ಇಷ್ಟೇ ಸಂಘದ ಮಾತು. ಅಧಿಕಾರಿಗಳು ಅಹವಾಲು ಕೇಳಲು ಬರುವವರಿದ್ದರು. ಅದಕ್ಕೂ ಮೊದಲಿನ ಭಾನುವಾರ ಸ್ಕೂಲಿನ ಜಗಲಿಯಲ್ಲಿ ಎಲ್ಲರನ್ನೂ ಸೇರಿಸಿ ನನ್ನನ್ನು ಮುಂದೆ ಕೂರಿಸಿದಿರಿ.

"ಆಪೀಸರ್‌ಗಳ ಮುಂದೆ ನಾವ್ ತಡಬಡಾಯ್ಸ್‌ಬಾರ್ದು. ನೀನು ಅವ್ರ ಕಡೆ ಆಗ್ಬುಡು ಮಗ. ಏನೇನ್ ಕೊಂಕು ತಗೀತಾರೊ ಎಲ್ಲಾ ತಗಿ. ನಾವ್ ಉತ್ರ ಕಲ್ತ್ಕತೀವಿ."

ಮಂಡ್ಯದ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದೇ ಅದು. ಚೀಟಿಯಲ್ಲಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ನಂಬಿಕೆ ಯಾರಿಗೆ ಬೇಕು? ಶೀಲ್ಡು ಸಾಕು. ಒಬ್ಬೊಬ್ಬರಿಗೆ ಎರಡು ನಿಮಿಷ, ಚಮಚದಲ್ಲಿ ಲೋಟ ಬಡಿದರೆ ಕೂರಬೇಕು ಎಂದು ನಿಯಮ ಹಾಕಿದೆ. ನಿಯಮ ಬೇಕೆಂದು ಯಾರೂ ಕೇಳಿರಲಿಲ್ಲ.

"ಮರ ದಡ ಹಿಡ್ಕೊಳ್ಳುತ್ತೆ ಅಂತೀರಿ. ಹೋದ ಸಲ ಹೊಳೆ ಬಂದಾಗ ಎಡಗಡೆ ದಡ ಜಾರಿತಲ್ಲ, ಅಲ್ಲಿ ಸಾಲಾಗಿ ಮರ ಇರಲಿಲ್ವಾ?"

ಇತ್ತು ಎಂದರು ಯಾರೋ. ಮತ್ತೆ? ಎಂದೆ ನಾನು.

ಅಲ್ಲಿದ್ದದ್ದು ತೆಂಗು. ತೆಂಗಿನ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ, ಹೊಳೆಮತ್ತಿಯದು ಬಂಡೆಯ ಸಂದಿಗೆ ಇಳಿದು ಕಚ್ಚಿಕೊಳ್ಳುತ್ತದೆ. ಹಿಂದೆ ಅಲ್ಲೂ ಹೊಳೆಮತ್ತಿಯೇ ಇತ್ತು, ಅದನ್ನು ಕಡಿದು ತೆಂಗು ಇಟ್ಟರು, ಆಮೇಲೆಯೇ ದಡ ಸಡಿಲವಾಯಿತು — ಇದನ್ನೆಲ್ಲ ನನಗೆ ಹೇಳಿದ್ದು ಯಾರು? ನೀವೇ. ಚಿಕ್ಕವಳನ್ನು ತೆಪ್ಪದಲ್ಲಿ ಕೂರಿಸಿಕೊಂಡು, ನೀರಿಳಿದ ಕಾಲದಲ್ಲಿ ಆ ಬೇರುಗಳನ್ನು ತೋರಿಸಿ ಹೇಳಿದ್ದಿರಿ. ಅದನ್ನೇ ಬಚ್ಚಿಟ್ಟುಕೊಂಡು ನಿಮ್ಮ ಮೇಲೆ ಪ್ರಶ್ನೆ ಎಸೆದೆ.

ನೀವು ಎದ್ದಿರಿ. ನಿಮ್ಮ ಮಾತು ನೇರ ಬರುವುದಿಲ್ಲ, ಊರು ಸುತ್ತಿ ಬರುತ್ತದೆ. "ನಮ್ಮಪ್ಪ ಇದ್ದ ಕಾಲ್ದಲ್ಲಿ, ಆ ತೆಂಗಿನ್ ಜಾಗ ಐತಲ್ಲ, ಅಲ್ಲಿ ಮೊದ್ಲು—"

ಬಡಿದೆ. "ಟೈಮ್ ಆಯ್ತು ಮಾವ."

ಎಲ್ಲರೂ ನಕ್ಕರು. ನೀವೂ ನಕ್ಕಿರಿ. "ಬುಡವ್ವ, ನೀನೇ ಗೆದ್ದೆ" ಎಂದು ಕೂತಿರಿ.

ಟೈಮ್ ಆಗಿರಲಿಲ್ಲ, ಮಾವ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಇನ್ನೊಂದು ಮಾತಿಗೆ ನೀವು ಗೆಲ್ಲುತ್ತೀರಿ ಎಂದು ಗೊತ್ತಾಯಿತು — ಅದಕ್ಕೇ ಬಡಿದೆ.

ಟೀ ಆದಮೇಲೆ ಒಂದೊಂದು ಪ್ರಶ್ನೆಗೂ ಉತ್ತರ ಹೇಳಿಕೊಡಬೇಕೆಂದು ಮಾತಾಗಿತ್ತು. ಅಷ್ಟರಲ್ಲಿ ಚಿಕ್ಕಪ್ಪನ ಮಗ ಕುಮಾರ ಪಕ್ಕದವನಿಗೆ, "ಲೇ, ಇವ್ಳು ಏಳೋದ್ರಲ್ಲಿ ತಪ್ಪೇನೈತ್ಲಾ? ಮರ ನೋಡ್ಕಂಡ್ ಕೂತ್ರೆ ಊರ್ ಉದ್ಧಾರ ಆಯ್ತದಾ?" ಎಂದ. ಹೌದು ಹೌದು ಎಂದರು ನಾಲ್ಕು ಜನ. ಎಂಥ ಸುಖ ಅದು — ನಾನೇ ನಂಬದ ಮಾತನ್ನು ಊರು ನಂಬಿತು. ಕೆಡಿಸಲು ಮನಸ್ಸಾಗಲಿಲ್ಲ. ಮಂಡ್ಯದ ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಬಿಟ್ಟೆ.

ಅಹವಾಲಿನ ದಿನ ನಮ್ಮ ಸಂಘದವರೇ ನನ್ನ ಮಾತು ಆಡಿದರು. ತೆಂಗಿನ ಸಾಲಿನ ಉದಾಹರಣೆ ಕುಮಾರ ಕೊಟ್ಟ, ನನ್ನ ಧಾಟಿಯಲ್ಲೇ. ಇನ್ನೊಬ್ಬರು, "ಅಡ್ಡಿ ಮಾಡೋರ್ದೇ ಗದ್ದೆ ಅಲ್ಲೈತೆ ಸಾರ್" ಎಂದರು. ಅದೂ ಆ ಭಾನುವಾರ ನಾನೇ ತೆಗೆದಿದ್ದ ಕೊಂಕು. ಕೊನೆಗೆ ನೀವೊಬ್ಬರೇ ಎದ್ದಿರಿ.

"ಸಾಮಿ, ಆ ತೆಂಗಿನ್ ಜಾಗ ಐತಲ್ಲ, ಅಲ್ಲಿ ಮೊದ್ಲು—"

ಹಿಂದಿನಿಂದ ಯಾರೋ ಬೈಕಿನ ಕೀಲಿಯಲ್ಲಿ ಕಬ್ಬಿಣದ ಕುರ್ಚಿ ಬಡಿದರು. "ಟೈಮ್ ಆಯ್ತು ನಿಂಗಣ್ಣೋ."

ಊರೆಲ್ಲ ನಕ್ಕಿತು. ನೀವು ತಿರುಗಿದಿರಿ. ಬಡಿದವನ ಕಡೆಗಲ್ಲ, ನನ್ನ ಕಡೆಗೆ. ಈಗಲಾದರೂ ಎದ್ದೇನು ಎಂದುಕೊಂಡಿರೇನೋ — ನಾನು ಫೋನು ನೋಡುತ್ತಿದ್ದೆ. ಫೋನಿನಲ್ಲಿ ಏನೂ ಇರಲಿಲ್ಲ.

ತಲೆಗಡ್ಡೆಯ ಮುಂಭಾಗದ ಮರಗಳು ಉರುಳಿದವು. ಕಟ್ಟೆ ಎದ್ದಿತು. ಮುಂದಿನ ಮಳೆಗಾಲದಲ್ಲಿ ಹೊಳೆ ಬಂದಾಗ ಕಟ್ಟೆ ನಿಂತಿತು, ಅದರ ಮಗ್ಗುಲಿನ ಮಣ್ಣು ನಿಲ್ಲಲಿಲ್ಲ. ನಿಮ್ಮ ಅರ್ಧ ಗದ್ದೆ ಜಾರಿತು. ಮೊದಲು ಹೋದದ್ದೇ ಆ ಮೂಲೆ.

ಗುಡ್ಡೆ, ಎಡೆ, ಇವನ್ನೆಲ್ಲ ನಾನು ನಂಬುವವಳಲ್ಲ. ಸತ್ತವರು ಊಟಕ್ಕೆ ಬರುತ್ತಾರೆಯೇ ಎಂದು ನಿಮ್ಮೊಡನೆಯೇ ವಾದ ಮಾಡಿದ್ದೇನೆ. ಆದರೆ ಈ ಸಲ ಮಾರ್ನಮಿಯಲ್ಲಿ, ತೀರಿಹೋದವರಿಗೆ ಎಲ್ಲರೂ ಎಡೆ ಇಡುವಾಗ, ನೀವು ಎಲೆ ಹಿಡಿದು ಆ ಮುರಿದ ದಡದಲ್ಲಿ ನಿಂತದ್ದನ್ನು ಕಂಡೆ. ಎಲ್ಲಿ ಇಡಬೇಕೆಂದು ತಿಳಿಯದೆ ಅತ್ತ ಎರಡು ಹೆಜ್ಜೆ, ಇತ್ತ ಎರಡು ಹೆಜ್ಜೆ. ಆಮೇಲೆ ಬಗ್ಗಿ ನೀರಿನ ಮೇಲೆ ಬಿಟ್ಟಿರಿ. ಅನ್ನದ ಎಲೆ ಒಂದು ಸುತ್ತು ತಿರುಗಿ ಹೊರಟುಹೋಯಿತು. ಅದಕ್ಕೆ ಎದುರಾಗಿ ಹೇಳುವಂಥದ್ದು ನನ್ನ ಬಳಿ ಏನೂ —

ಅವತ್ತು ಜಗಲಿಯಲ್ಲಿ ನಡೆದದ್ದು ಬರೀ ಅಭ್ಯಾಸ ಎನ್ನಬಹುದು. ಊರಿನವರಿಗೆ ಸ್ವಂತ ಬುದ್ಧಿ ಇರಲಿಲ್ಲವೇ ಎನ್ನಬಹುದು. ಹೇಗಿದ್ದರೂ ಯೋಜನೆ ಬರುತ್ತಿತ್ತು ಎನ್ನಬಹುದು. ಒಳ್ಳೆಯ ವಾದಗಳೇ. ತೀರ್ಪುಗಾರಳಾಗಿದ್ದರೆ ಅಂಕ ಕೊಡುತ್ತಿದ್ದೆ.

ಈಗ ಊಟದ ಹಾಲ್ ದೊಡ್ಡದಾಗಬೇಕಂತೆ, ಉಳಿದ ಹೊಳೆಮತ್ತಿಯೂ ಹೋಗಬೇಕಂತೆ. ಹೋದ ತಿಂಗಳು ಸಂಘದಲ್ಲಿ ಎದ್ದು ತೆಂಗಿಗೂ ಹೊಳೆಮತ್ತಿಗೂ ಇರುವ ವ್ಯತ್ಯಾಸ ಹೇಳಿದೆ. ಒಂದೂ ಬಿಡದೆ ಹೇಳಿದೆ. ಕುಮಾರ ಕಾಲು ನೀಡಿಕೊಂಡು ಕೇಳಿ, "ಅವತ್ತು ಬ್ಯಾರೆ ಏಳ್ದೆ, ಇವತ್ತು ಬ್ಯಾರೆ ಏಳ್ತೀಯ. ಯಾವ್ ಕಡೆ ಚೀಟಿ ಬಂದ್ರೆ ಆ ಕಡೆ ಮಾತಾಡೋಳು ನೀನು. ಈ ಸಲ ಚೀಟಿ ಯಾರ್ ಕೊಟ್ಟವ್ರೆ ಕಣಮ್ಮ?" ಎಂದ. ನಿಜವನ್ನು ಹೇಳಿದರೂ ಅದು ನನ್ನ ಬಾಯಲ್ಲಿ ವಾದವಾಗಿಯೇ ಕೇಳಿಸುತ್ತದೆ. ನಂಬಬೇಕಾದ ಬಾಯಿ ನಿಮ್ಮದು, ಮಾವ. ನೀವು ಸಂಘಕ್ಕೆ ಬರುವುದನ್ನೇ ಬಿಟ್ಟಿದ್ದೀರಿ.

ನಿನ್ನೆ ನಿಮ್ಮ ಜಗಲಿಗೆ ಬಂದಿದ್ದೆ. ಕಾಫಿ ಕೊಟ್ಟಿರಿ, "ಬಸ್ಸು ಸಿಕ್ತಾ ಮಗ?" ಎಂದಿರಿ. ಲೋಟ ಕೆಳಗಿಡಲು ಭಯವಾಗಿ, ಸದ್ದಾಗದಂತೆ ಸೆರಗಿನ ತುದಿಯ ಮೇಲೆ ಇಟ್ಟೆ. ಹೇಳಲು ಬಂದದ್ದನ್ನು ಹೇಳದೆ ಎದ್ದು ಬಂದೆ. ಅದಕ್ಕೇ ಬರೆಯುತ್ತಿದ್ದೇನೆ.

ಈ ಭಾನುವಾರ ಸಂಘದಲ್ಲಿ ಎದ್ದು ಮರದ ಮಾತು ಆಡುವುದಿಲ್ಲ. ಅವತ್ತು ಟೈಮ್ ಆಗಿರಲಿಲ್ಲ ಎನ್ನುವುದನ್ನಷ್ಟೇ ಹೇಳುತ್ತೇನೆ. ಅರ್ಧಕ್ಕೇ ಯಾರಾದರೂ ಲೋಟ ಬಡಿಯಬಹುದು. ಬಡಿಯಲಿ. ಅವರಿಗೆ ಅದನ್ನು ಕಲಿಸಿದವಳು ನಾನು.